ತೋರಿಕೆಯ ಸಾಂದ್ರತೆ

ಆಫ್ರಿಕಾದ ಯಾವುದೋ ನದಿದಂಡೆಯಲ್ಲಿ 5 ಬೋನು ನಿಲ್ಲಿಸಿ, 2 ದಿನ ಬಿಟ್ಟು ನೋಡಿದಾಗ 60 ತ್ಸೆತ್ಸೆ ನೊಣ ಸಿಕ್ಕವು ಎನ್ನೋಣ. ಒಂದು ಬೋನಿಗೆ ದಿನಕ್ಕೆ 6 ನೊಣ. ನಿದ್ರಾರೋಗವನ್ನೂ ದನಗಳ ನಗಾನ ರೋಗವನ್ನೂ ಹರಡುವ ಈ ನೊಣದ ಸಮೀಕ್ಷೆಗಳಲ್ಲಿ ಆ ಅಂಕಿಯ ಹೆಸರು ‘ತೋರಿಕೆಯ ಸಾಂದ್ರತೆ’.

ಇಲ್ಲಿ ತೂಕವಿರುವುದು ‘ತೋರಿಕೆ’ಗೆ. ಪೊದೆಯಲ್ಲಿ ಎಷ್ಟು ನೊಣ ಇವೆ ಎಂಬುದನ್ನು ಬೋನು ಹೇಳುವುದಿಲ್ಲ. ಎಷ್ಟು ಮೋಸಹೋದವು ಎಂಬುದನ್ನಷ್ಟೇ ಹೇಳುತ್ತದೆ. ರಕ್ತ ಹೀರಿ ಹೊಟ್ಟೆ ತುಂಬಿದ ನೊಣ ಮರಕ್ಕಂಟಿ ಕೂತಿರುತ್ತದೆ, ಬೋನಿನತ್ತ ಸುಳಿಯುವುದೇ ಅಪರೂಪ.

ಮೋಸದ ಬಗೆಯಂತೂ ಬೋನಿನಿಂದ ಬೋನಿಗೆ ಬೇರೆ. ಪಶ್ಚಿಮ ಆಫ್ರಿಕಾದಲ್ಲಿ ಶಲಿಯೆ ಮತ್ತು ಲಾವೆಸಿಯೇರ್ ಎಂಬ ಕೀಟವಿಜ್ಞಾನಿಗಳು 1973ರಲ್ಲಿ ಪರಿಚಯಿಸಿದ ಜೋಡಿಶಂಕುವಿನ ಬೋನನ್ನೇ ನೋಡಿ. ಮುಂದೆ ಸುಧಾರಿಸಿದ ರೂಪದಲ್ಲಿ ಕೆಳಗೆ ನೀಲಿ ಬಟ್ಟೆಯ ಶಂಕು, ಅದರಲ್ಲಿ ನಾಲ್ಕು ಕಿಂಡಿ, ಒಳಗೆ ಕಪ್ಪು ಬಟ್ಟೆ. ಮೇಲೆ ಬಿಳಿ ಸೊಳ್ಳೆಪರದೆಯ ಶಂಕು. ದೂರದಿಂದ ನೀಲಿ ಸೆಳೆಯುತ್ತದೆ, ಕಪ್ಪು ಒಳಗೆ ಕರೆಯುತ್ತದೆ, ಒಳಹೊಕ್ಕ ನೊಣ ಬೆಳಕಿನತ್ತ ಏರಿ ತುದಿಯ ಡಬ್ಬಿಯಲ್ಲಿ ಸೆರೆಯಾಗುತ್ತದೆ. ನದಿದಂಡೆಯ ಜಾತಿಗಳಿಗೆ ಇದು ಸಾಕು. ಹುಲ್ಲುಗಾವಲಿನ ಜಾತಿಗಳು ಮೂಗನ್ನು ನಂಬುವಂಥವು. ಅವುಗಳಿಗಾಗಿ ಜಿಂಬಾಬ್ವೆಯಲ್ಲಿ ರೂಪುಗೊಂಡ ಎಪ್ಸಿಲಾನ್ ಬೋನಿನ ಬಳಿ ದನದ ಉಸಿರನ್ನು ನೆನಪಿಸುವ ಅಸಿಟೋನಿನಂಥ ವಾಸನೆಗಳನ್ನು ಇಡುತ್ತಾರೆ; ಕೆಲವೆಡೆ ಹಸುವಿನ ಗಂಜಲವೂ ಆಗುತ್ತದೆ.

ಹೀಗಿರುವಾಗ ಒಂದು ಬೋನಿನ 6ನ್ನು ಇನ್ನೊಂದರ 6ರ ಪಕ್ಕದಲ್ಲಿಟ್ಟು ‘ಎರಡೂ ಕಡೆ ನೊಣ ಸಮ’ ಎನ್ನುವುದು, ಸೇರಿನಲ್ಲಿ ಅಳೆದದ್ದನ್ನು ಪಾವಿನಲ್ಲಿ ಅಳೆದದ್ದಕ್ಕೆ ಹೋಲಿಸಿದಂತೆ. ಎರಡು ಬೋನುಗಳನ್ನು ಅಕ್ಕಪಕ್ಕ ನಿಲ್ಲಿಸಿ ಎಣಿಸಿದರೂ ನ್ಯಾಯವಾಗದು. ಒಂದರ ಪಾಲಿಗೆ ನೆರಳು, ಇನ್ನೊಂದರ ಪಾಲಿಗೆ ದನ ಹಾಯುವ ದಾರಿ ಬಿದ್ದಿರಬಹುದು. ಅದಕ್ಕೇ ‘ಲ್ಯಾಟಿನ್ ಚೌಕ’ದ ಉಪಾಯ: 4 ಬೋನು, 4 ಜಾಗ, 4 ದಿನ. ದಿನವೂ ಜಾಗ ಬದಲು, ಪ್ರತಿ ಬೋನೂ ಪ್ರತಿ ಜಾಗದಲ್ಲಿ ಒಂದೊಂದು ದಿನ. ಸುಡೊಕು ಆಡಿದವರಿಗೆ ಇದು ಹೊಸದೇನಲ್ಲ.

ಇಷ್ಟಾದರೂ ಗೊತ್ತಾಗುವುದು ಯಾವ ಬೋನು ಹೆಚ್ಚು ಹಿಡಿಯಿತು ಎಂದಷ್ಟೇ. ತಪ್ಪಿಸಿಕೊಂಡವುಗಳ ಲೆಕ್ಕ ಇನ್ನೂ ಬಾಕಿ. ಅದನ್ನು ಹಿಡಿಯಲು ಕೀಟವಿಜ್ಞಾನಿ ಗ್ಲಿನ್ ವೇಲ್ 1970ರ ದಶಕದಲ್ಲಿ ಬೋನಿನ ಪಕ್ಕದಲ್ಲೇ ವಿದ್ಯುತ್ ಹರಿಯುವ ಸಣ್ಣ ತಂತಿಗಳ ಜಾಲರಿ ನಿಲ್ಲಿಸಿದರು. ನೊಣದ ಕಣ್ಣಿಗೆ ಅದು ಕಾಣುವುದೇ ಇಲ್ಲವೆನ್ನುವಷ್ಟು ತೆಳು. ತಾಗಿ ಬಿದ್ದ ನೊಣಗಳನ್ನು ಎಣಿಸಿದಾಗ, ಬೋನಿನ ತನಕ ಬಂದು, ಸುತ್ತು ಹಾಕಿ, ಒಳಹೋಗದೆ ಮರಳುವವು ಎಷ್ಟೊಂದು ಎಂಬುದು ಬಯಲಾಯಿತು.