ಔಟ್‌ಲಾ: ಕಾನೂನು ಕೈಬಿಟ್ಟವನು

‘ದಿ ಹೈವೇಮೆನ್’ (2019) ಚಿತ್ರದ ಬಗ್ಗೆ ಕನ್ನಡದಲ್ಲಿ ಬರೆಯಲು ಕುಳಿತವರಿಗೆ ಮೊದಲು ತೊಡಕಾಗುವುದು ಔಟ್‌ಲಾ ಎಂಬ ಇಂಗ್ಲಿಷ್ ಪದ. ದರೋಡೆಕೋರ ಎಂದರೆ ಸಾಕಲ್ಲ ಎನ್ನಬಹುದು. ಸಾಲದು. ದರೋಡೆಕೋರ, ಡಕಾಯಿತ, ಕೊಲೆಗಡುಕ ಇವೆಲ್ಲ ಆತ ಮಾಡಿದ್ದೇನು ಎಂದು ತಿಳಿಸುವ ಪದಗಳು. ಔಟ್‌ಲಾ ಎಂಬುದು ಕಾನೂನು ಆತನಿಗೆ ಮಾಡಿದ್ದೇನು ಎಂದು ತಿಳಿಸುತ್ತಿತ್ತು.

ಪದದ ಮೂಲ ಸ್ಕ್ಯಾಂಡಿನೇವಿಯಾದ ಪ್ರಾಚೀನ ಭಾಷೆಯಾದ ಹಳೆಯ ನಾರ್ಸ್. ಮಧ್ಯಯುಗದ ಇಂಗ್ಲೆಂಡಿನಲ್ಲಿ ಆರೋಪ ಹೊತ್ತವನು ಮತ್ತೆ ಮತ್ತೆ ಕರೆದರೂ ನ್ಯಾಯಸ್ಥಾನಕ್ಕೆ ಬಾರದಿದ್ದರೆ ಅವನನ್ನು ಔಟ್‌ಲಾ ಎಂದು ಸಾರುತ್ತಿದ್ದರು. ಆಸ್ತಿ ಮುಟ್ಟುಗೋಲಾಗುತ್ತಿತ್ತು. ಅವನಿಗೆ ಅನ್ನ ಹಾಕಿ ಆಸರೆ ಕೊಟ್ಟವರಿಗೂ ಶಿಕ್ಷೆಯಿತ್ತು. ಅವನದು ‘ತೋಳದ ತಲೆ’ ಎನ್ನುತ್ತಿದ್ದರು: ಊರಿಗೆ ನುಗ್ಗಿದ ತೋಳವನ್ನು ಕೊಲ್ಲಲು ಯಾರ ಅಪ್ಪಣೆಯೂ ಬೇಡ, ಇವನನ್ನು ಕೊಲ್ಲಲೂ ಬೇಡ. ಕೊಲ್ಲುವ ಈ ಸ್ವಾತಂತ್ರ್ಯ ಮುಂದೆ ಮೊಟಕಾಯಿತು. ಇಂಗ್ಲೆಂಡ್ ಪದ್ಧತಿಯನ್ನೇ ಪೂರ್ತಿ ತೆಗೆದುಹಾಕಿದ್ದು 1938ರಲ್ಲಿ.

ಕನ್ನಡದಲ್ಲಿ ‘ಕಾನೂನುಬಾಹಿರ’ ಎಂಬ ಪದವಿದೆ. ಅಕ್ಷರಶಃ ಇದೇ ಅರ್ಥ. ಆದರೆ ನಾವು ಅದನ್ನು ಗಣಿಗಾರಿಕೆಗೆ, ಕಟ್ಟಡಕ್ಕೆ ಅಂಟಿಸುತ್ತೇವೆ, ಮನುಷ್ಯನಿಗೆ ಅಂಟಿಸುವುದಿಲ್ಲ. ‘ತಲೆಮರೆಸಿಕೊಂಡವನು’ ಎಂದರೆ ತಾನಾಗಿ ಅಡಗಿದವನು. ಹೆಚ್ಚು ಹತ್ತಿರದ್ದು ನಮ್ಮ ನ್ಯಾಯಾಲಯಗಳ ‘ಘೋಷಿತ ಅಪರಾಧಿ’, ಅಂದರೆ ಕರೆದರೂ ಹಾಜರಾಗದ ಆರೋಪಿ. ಅಲ್ಲಿಯೂ ಉದ್ಘೋಷಣೆಯಿದೆ, ಆಸ್ತಿ ಜಪ್ತಿಯಿದೆ. ಆದರೆ ಅವನನ್ನು ಕಂಡಲ್ಲಿ ಕೊಲ್ಲುವ ಹಕ್ಕು ಯಾರಿಗೂ ಇಲ್ಲ. ಈ ವ್ಯತ್ಯಾಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಈಗ ಚಿತ್ರಕ್ಕೆ ಬರೋಣ. 1934ರಲ್ಲಿ ಅಮೆರಿಕದ ಟೆಕ್ಸಾಸ್‌ನ ಮಾಜಿ ರೇಂಜರ್ (ಆ ರಾಜ್ಯದ ಪೊಲೀಸ್ ಪಡೆಯವರು) ಫ್ರಾಂಕ್ ಹೇಮರ್ ಮತ್ತು ಅವರ ಹಳೆಯ ಸಂಗಾತಿ ಮೇನಿ ಗಾಲ್ಟ್, ಬಾನಿ ಪಾರ್ಕರ್ ಮತ್ತು ಕ್ಲೈಡ್ ಬ್ಯಾರೋ ಎಂಬ ಕುಖ್ಯಾತ ದರೋಡೆಕೋರ ಜೋಡಿಯ ಬೆನ್ನು ಹತ್ತಿದ ಕಥೆ ಇದು. ನಿಧಾನಗತಿಯ ಚಿತ್ರ, ನಿಜ. ಹೆಚ್ಚಿನ ಹೊತ್ತು ಇಬ್ಬರು ಮುದುಕರು ಕಾರಿನಲ್ಲಿ ಕುಳಿತಿರುತ್ತಾರೆ. ಆದರೆ ಆ ನಿಧಾನವೇ ಪದದ ಹಳೆಯ ಅರ್ಥವನ್ನು ನಮಗೆ ಕಾಣಿಸುತ್ತದೆ. ಹೇಮರ್ ಅಂಗಡಿಯಲ್ಲಿ ನಿಂತು ಒಂದಾದ ಮೇಲೊಂದು ಬಂದೂಕು ಆರಿಸುವ ದೃಶ್ಯವನ್ನು ಗಮನಿಸಿ. ಬಂಧಿಸಿ ಕರೆತರಲು ಹೊರಟವರ ಸಿದ್ಧತೆಯಲ್ಲ ಅದು. ಬಾನಿ ಮತ್ತು ಕ್ಲೈಡ್‌ರ ಮುಖಗಳನ್ನೂ ಚಿತ್ರ ಕೊನೆಯವರೆಗೆ ಸರಿಯಾಗಿ ತೋರಿಸುವುದಿಲ್ಲ.

ಆ ಹೊತ್ತಿಗೆ ಯಾವ ನ್ಯಾಯಾಲಯವೂ ಅವರನ್ನು ಹಳೆಯ ಅರ್ಥದಲ್ಲಿ ಔಟ್‌ಲಾ ಎಂದು ಸಾರಿರಲಿಲ್ಲ. ಪತ್ರಿಕೆಗಳು ಆ ಪದವನ್ನು ಬರಿಯ ‘ಕುಖ್ಯಾತ’ ಎಂಬರ್ಥದಲ್ಲಿ ಬಳಸುತ್ತಿದ್ದವು. ಅವರಿಬ್ಬರ ತಂಡ ಪೊಲೀಸರನ್ನೂ ಕೊಂದಿತ್ತು, ಅದನ್ನು ಮರೆಯುವಂತಿಲ್ಲ. ಹಾಗಿದ್ದೂ ಮೇ 23ರ ಬೆಳಗ್ಗೆ ಲೂಸಿಯಾನಾದ ಗಿಬ್ಸ್‌ಲ್ಯಾಂಡ್ ಬಳಿಯ ರಸ್ತೆಯಲ್ಲಿ ಆದದ್ದೇನು? ತಂಡದ ಸದಸ್ಯನೊಬ್ಬನ ತಂದೆಯ ಲಾರಿ, ಚಕ್ರ ಕೆಟ್ಟಂತೆ, ರಸ್ತೆಯ ಬದಿಗೆ ನಿಂತಿತ್ತು. ಅದನ್ನು ಕಂಡು ಕ್ಲೈಡ್ ತನ್ನ ಫೋರ್ಡ್ ಕಾರಿನ ವೇಗ ತಗ್ಗಿಸಿದ. ಪೊದೆಯ ಮರೆಯಲ್ಲಿದ್ದ ಹೇಮರ್, ಗಾಲ್ಟ್ ಸೇರಿ ಆರು ಮಂದಿ ಅಧಿಕಾರಿಗಳು ನೂರಕ್ಕೂ ಹೆಚ್ಚು ಗುಂಡು ಹಾರಿಸಿದರು. ಮೊದಲು ಎಚ್ಚರಿಕೆ ಕೊಟ್ಟರೇ ಎಂಬ ಬಗ್ಗೆ ಅವರವರ ಹೇಳಿಕೆಗಳೇ ಹೊಂದುವುದಿಲ್ಲ. ಸುದ್ದಿ ಹಬ್ಬಿದ್ದೇ ತಡ ಜನ ಮುಗಿಬಿದ್ದರು. ಹೆಣಗಳು ಇನ್ನೂ ಕಾರಿನಲ್ಲಿದ್ದಾಗಲೇ ಬಾನಿಯ ಕೂದಲನ್ನೂ ಉಡುಪಿನ ಚೂರುಗಳನ್ನೂ ಕತ್ತರಿಸಿಕೊಂಡರು.