ಸೀಟ್ ಮೋಟಾರ್ ಹೋಗಿದೆ ಅನ್ನುವ ಮುನ್ನ

ಪವರ್ ಸೀಟ್ ಒಂದು ದಿನ ಅಲುಗಾಡದೆ ನಿಂತುಬಿಟ್ಟರೆ ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು 'ಮೋಟಾರ್ ಹೋಗಿದೆ'. ಆದರೆ ನಾನು ಮೋಟಾರ್ ಮೇಲೆ ಅನುಮಾನ ಪಡುವುದು ಎಲ್ಲಕ್ಕಿಂತ ಕೊನೆಗೆ. ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಗ್), ಅರ್ಥಿಂಗ್ (ಗಾಡಿಯ ಬಾಡಿ ಮೂಲಕ ಬ್ಯಾಟರಿಯ ಮೈನಸ್‌ಗೆ ಕರೆಂಟ್ ಮರಳುವ ದಾರಿ), ಸ್ವಿಚ್, ಸೀಟಿನಡಿ ಉಜ್ಜಿ ಸವೆದ ವೈರ್, ಇವೇ ಜಾಸ್ತಿ ಕೈಕೊಡುವುದು. ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಎಷ್ಟೋ ಕಾರುಗಳಿಗೆ ಸೀಟ್ ಮೋಟಾರ್ ಬಿಡಿಯಾಗಿ ಸಿಗುವುದಿಲ್ಲ, ಸೀಟ್ ಜಾರುವ ಹಳಿ ಸಮೇತ ಇಡೀ ಫ್ರೇಮನ್ನೇ ಕೊಳ್ಳಬೇಕು. ಊಹೆ ತಪ್ಪಿದರೆ ಗ್ರಾಹಕರ ದುಡ್ಡೂ ಹೋಯಿತು, ಸೀಟೂ ಓಡಲಿಲ್ಲ.

ಮೊದಲೆಲ್ಲ ದುಬಾರಿ ಗಾಡಿಗಳಲ್ಲಿ ಮಾತ್ರ ಇದ್ದ ಪವರ್ ಸೀಟ್ ಈಗ ಕ್ರೆಟಾ, ಸೆಲ್ಟೋಸ್, ಇನ್ನೋವಾ ಕ್ರಿಸ್ಟಾದ ಮೇಲಿನ ಮಾದರಿಗಳಲ್ಲೂ ಬಂದಿದೆ. '8-ವೇ' ಅಂದರೆ ಸಾಮಾನ್ಯವಾಗಿ ನಾಲ್ಕು ಮೋಟಾರ್, ಒಂದೊಂದಕ್ಕೂ ಎರಡು ದಿಕ್ಕು: ಹಿಂದೆ ಮುಂದೆ ಜಾರುವುದಕ್ಕೆ ಒಂದು, ಕೂರುವ ಜಾಗದ ಮುಂಭಾಗ ಏರಿಳಿಸಲು ಒಂದು, ಹಿಂಭಾಗಕ್ಕೆ ಒಂದು, ಬೆನ್ನು ಒರಗಿಸಲು ಒಂದು. ಮೆಮೊರಿ (ಸೀಟಿನ ಸ್ಥಾನ ನೆನಪಿಟ್ಟುಕೊಳ್ಳುವ ಸೌಲಭ್ಯ) ಇಲ್ಲದ ಸೀಟಿನಲ್ಲಿ ಪ್ರತಿ ಮೋಟಾರಿಗೂ ಎರಡೇ ವೈರ್. ಸ್ವಿಚ್ ಮುಟ್ಟದೆ ಬಿಟ್ಟಾಗ ಆ ಎರಡೂ ವೈರ್ ಸ್ವಿಚ್ಚಿನ ಒಳಗೆ ಅರ್ಥಿಂಗ್‌ಗೆ ಸೇರಿಕೊಂಡಿರುತ್ತವೆ. ಮುಂದಕ್ಕೆ ಒತ್ತಿದರೆ ಒಂದು ವೈರಿಗೆ 12 ವೋಲ್ಟ್ ಬರುತ್ತದೆ, ಇನ್ನೊಂದು ಅರ್ಥಿಂಗಿನಲ್ಲೇ ಉಳಿಯುತ್ತದೆ. ಹಿಂದಕ್ಕೆ ಒತ್ತಿದರೆ ಇದು ಅದಲು ಬದಲು. ಪ್ಲಸ್ ಮೈನಸ್ ತಿರುಗಿದಾಗ ಮೋಟಾರೂ ತಿರುಗಿ ಓಡುತ್ತದೆ. ಸರ್ಕ್ಯೂಟ್ ಅಂದರೆ ಇಷ್ಟೇ. ಇದು ತಲೆಯಲ್ಲಿ ಕೂತರೆ ಟೂಲ್ ಹಿಡಿಯುವ ಮೊದಲೇ ಅರ್ಧ ಕೆಲಸ ಮುಗಿದ ಹಾಗೆ.

ಹೇಗೆ ಅಂತೀರಾ? ಸೀಟ್ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರಲ್ಲ ಅಂತಿಟ್ಟುಕೊಳ್ಳಿ. ಮುಂದಕ್ಕೆ ಹೋಗಲು ಬೇಕಾದದ್ದೂ ಅದೇ ಮೋಟಾರ್, ಅದೇ ಎರಡು ವೈರ್. ಅವು ಸರಿಯಿವೆ ಅಂತ ಸೀಟೇ ಹೇಳುತ್ತಿದೆ. ಉಳಿದದ್ದು ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್, ಇಲ್ಲವೇ ಹಳಿಯಲ್ಲಿ ಸಿಕ್ಕಿಕೊಂಡ ಯಾವುದೋ ವಸ್ತು. ನಾಲ್ಕರಲ್ಲಿ ಒಂದೇ ಮೋಟಾರ್ ಎರಡೂ ಕಡೆಗೆ ಸತ್ತಿದ್ದರೆ ಆ ಮೋಟಾರ್, ಅದರ ಕಪ್ಲರ್, ಅದರ ವೈರ್, ಸ್ವಿಚ್ಚಿನಲ್ಲಿ ಅದರ ಭಾಗ, ಇಷ್ಟನ್ನು ನೋಡಿದರೆ ಸಾಕು. ನಾಲ್ಕೂ ಒಟ್ಟಿಗೆ ನಿಂತಿದ್ದರೆ? ನಾಲ್ಕು ಮೋಟಾರ್ ಒಂದೇ ದಿನ ಕೆಡುವುದಿಲ್ಲ ಅಲ್ವಾ. ಎಲ್ಲಕ್ಕೂ ಸಾಮಾನ್ಯವಾದ ಫ್ಯೂಸ್, ಮುಖ್ಯ ಕಪ್ಲರ್, ಅರ್ಥಿಂಗ್ ಈ ಮೂರರಲ್ಲಿ ಒಂದು ಕಡೆ ದೋಷವಿರುತ್ತದೆ.

ಸೀಟಿನಡಿ ಕೈ ಹಾಕುವ ಮೊದಲು ಒಂದು ಎಚ್ಚರಿಕೆ. ಅಲ್ಲಿ ಹಳದಿ ಬಣ್ಣದ ಕಪ್ಲರ್ ಅಥವಾ ಹಳದಿ ಕವಚ ಹಾಕಿದ ವೈರ್ ಕಂಡರೆ ಅದು ಏರ್‌ಬ್ಯಾಗಿನದು. ಸೀಟಿನ ಪಕ್ಕದಲ್ಲಿರುವ ಸೈಡ್ ಏರ್‌ಬ್ಯಾಗ್, ಕೆಲವು ಗಾಡಿಗಳಲ್ಲಿ ಬೆಲ್ಟ್ ಬಿಗಿಯುವ ಸಾಧನ, ಇವೆಲ್ಲ ಸಿಡಿಮದ್ದಿನಿಂದ ಕೆಲಸ ಮಾಡುವಂಥವು. ಮಲ್ಟಿಮೀಟರನ್ನು ಓಮ್‌ನಲ್ಲಿ (ತಡೆ ಅಳೆಯುವ ಸ್ಥಾನದಲ್ಲಿ) ಇಟ್ಟು ಈ ವೈರುಗಳಿಗೆ ಚುಚ್ಚಲೇಬಾರದು, ಟೆಸ್ಟ್ ಲ್ಯಾಂಪನ್ನಂತೂ ಹತ್ತಿರಕ್ಕೂ ತರಬಾರದು. ಸೀಟ್ ಬಿಚ್ಚಿ ಹೊರಗೆ ತೆಗೆಯಲೇಬೇಕಾದರೆ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆ ಗಾಡಿಯ ಮ್ಯಾನ್ಯುಯಲ್ ಹೇಳುವಷ್ಟು ನಿಮಿಷ ಕಾಯಿರಿ. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗ್ ಕಂಟ್ರೋಲರಿನ ಕೆಪಾಸಿಟರಿನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ. ಹಳದಿ ಕಪ್ಲರ್ ಬಿಚ್ಚಿರುವಾಗ ಇಗ್ನಿಷನ್ ಆನ್ ಮಾಡಿದರೆ ಏರ್‌ಬ್ಯಾಗ್ ದೀಪ ಹೊತ್ತಿಕೊಂಡು ಕಂಟ್ರೋಲರಿನಲ್ಲಿ ದೋಷದ ಕೋಡ್ ದಾಖಲಾಗುತ್ತದೆ. ಆಮೇಲೆ ಅದನ್ನು ಅಳಿಸಲು ಸ್ಕ್ಯಾನರ್ (ಗಾಡಿಯ ಕೋಡ್ ಓದುವ ಸಾಧನ) ಬೇಕು. ಹೆಚ್ಚಿನ ಗಾಡಿಗಳಲ್ಲಿ ಪವರ್ ಸೀಟಿಗೆ ಬ್ಯಾಟರಿಯಿಂದ ನೇರ ಸಪ್ಲೈ ಇರುತ್ತದೆ, ಕೀ ಇಲ್ಲದೆಯೂ ಓಡುತ್ತದೆ. ಹಾಗಾಗಿ ಸೀಟಿನ ಪರೀಕ್ಷೆಗೆ ಇಗ್ನಿಷನ್ ಮುಟ್ಟುವ ಅಗತ್ಯವೇ ಬರುವುದಿಲ್ಲ.

ಮೊದಲ ಪರೀಕ್ಷೆಗೆ ಮೀಟರ್ ಕೂಡ ಬೇಡ. ಒಳಗಿನ ಸೀಲಿಂಗ್ ದೀಪ ಹಾಕಿ, ಎಂಜಿನ್ ಆಫ್ ಇರಲಿ, ಸೀಟ್ ಸ್ವಿಚ್ ಒತ್ತಿ ದೀಪವನ್ನೇ ನೋಡಿ. ಸೀಟ್ ಅಲ್ಲಾಡದಿದ್ದರೂ ದೀಪ ಮಂಕಾದರೆ ಮೋಟಾರಿಗೆ ಕರೆಂಟ್ ಹೋಗುತ್ತಿದೆ, ಆದರೆ ಮೋಟಾರ್ ಅಥವಾ ಗೇರ್ ಎಲ್ಲೋ ಜಾಮ್ ಆಗಿದೆ. ದೀಪ ಸ್ವಲ್ಪವೂ ಮಂಕಾಗದಿದ್ದರೆ ಕರೆಂಟೇ ಹೋಗುತ್ತಿಲ್ಲ, ದಾರಿ ಎಲ್ಲೋ ಕಡಿದಿದೆ. ಎಲ್‌ಇಡಿ ದೀಪ ಇರುವ ಗಾಡಿಗಳಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣದೆ ಹೋಗಬಹುದು. ಅಲ್ಲಿ ಡಿಸಿ ಅಳೆಯುವ ಕ್ಲಾಂಪ್ ಮೀಟರನ್ನು ಸೀಟಿನ ದಪ್ಪ ಸಪ್ಲೈ ವೈರಿಗೆ ಹಾಕಿ ನೋಡುತ್ತೇನೆ. ಸಲೀಸಾಗಿ ಓಡುವ ಮೋಟಾರ್ ಎಳೆಯುವುದು ಕೆಲವೇ ಆಂಪಿಯರ್. ಜಾಮ್ ಆದದ್ದು ಅದರ ಹಲವು ಪಟ್ಟು ಎಳೆಯುತ್ತದೆ.

ಇನ್ನು ನನಗೆ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಮೋಟಾರಿನ ಕಪ್ಲರ್ ಬಿಚ್ಚಿ, ಸ್ವಿಚ್ ಒತ್ತಿ, ಮೀಟರ್ ಚುಚ್ಚಿದರೆ 12 ವೋಲ್ಟ್ ತೋರಿಸುತ್ತದೆ. 'ಕರೆಂಟ್ ಬರ್ತಾ ಇದೆ, ಹಾಗಾದರೆ ಮೋಟಾರೇ ಹೋಗಿದೆ' ಎಂಬ ತೀರ್ಮಾನ ಹುಟ್ಟುವುದು ಇಲ್ಲೇ. ಆದರೆ ಡಿಜಿಟಲ್ ಮೀಟರ್ ತಾನು ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ವೈರಿನ ಎಲ್ಲ ಎಳೆ ಕಡಿದು ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ವೋಲ್ಟೇ ತೋರಿಸುತ್ತದೆ. ಕಸ ಕಟ್ಟಿದ ನಲ್ಲಿಯೂ ಮುಚ್ಚಿರುವಾಗ ಪೂರ್ತಿ ಒತ್ತಡದಲ್ಲೇ ಇರುತ್ತದೆ. ತಿರುಗಿಸಿದಾಗಲೇ ನೀರು ತೊಟ್ಟಿಕ್ಕುವುದು ಗೊತ್ತಾಗುವುದು. ಆದ್ದರಿಂದ ಕಪ್ಲರ್ ಬಿಚ್ಚದೆ, ಮೋಟಾರ್ ಲೋಡಿನಲ್ಲಿರುವಾಗಲೇ, ಅಂದರೆ ಕರೆಂಟ್ ಎಳೆಯುತ್ತಿರುವಾಗಲೇ ಅಳೆಯಬೇಕು. ಕಪ್ಲರಿನ ಹಿಂಬದಿಯಿಂದ ತೆಳು ಪಿನ್ ತೂರಿಸಿದರೆ ಇದು ಸಾಧ್ಯ. ಆಗದಿದ್ದರೆ ಹಳೆಯ 21 ವಾಟ್ ಇಂಡಿಕೇಟರ್ ಬಲ್ಬನ್ನು ಮೋಟಾರಿನ ಜಾಗಕ್ಕೆ ಸೇರಿಸಿ. ಅದು ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಪೂರ್ತಿ ಬೆಳಗದಿದ್ದರೆ ವೈರಿಂಗಿನಲ್ಲೇ ತೊಂದರೆ.

ನಮ್ಮ ಗ್ಯಾರೇಜಿಗೆ ಬಂದ ಒಂದು ಎಸ್‌ಯುವಿಯ ಉದಾಹರಣೆ ಕೊಡುತ್ತೇನೆ. ಡ್ರೈವರ್ ಸೀಟ್ ಖಾಲಿ ಇದ್ದಾಗ ನಿಧಾನವಾಗಿ ಜಾರುತ್ತಿತ್ತು, ಯಾರಾದರೂ ಕೂತರೆ ತೆವಳಿ ನಿಂತುಬಿಡುತ್ತಿತ್ತು. ಬೆನ್ನು ಒರಗುವುದೂ ಮೆಲ್ಲಗೆ. ಸ್ಲೈಡ್ ಮೋಟಾರ್ ಬದಲಾಯಿಸಬೇಕು ಅಂತ ಬೇರೆ ಕಡೆ ಹೇಳಿ ಕಳಿಸಿದ್ದರು. ಬೆನ್ನಿನ ಮೋಟಾರೂ ನಿಧಾನ ಅಂದಾಗಲೇ ಸಾಮಾನ್ಯ ದಾರಿಯ ಮೇಲೆ ನನಗೆ ಅನುಮಾನ ಬಂತು. ಹುಡುಗನೊಬ್ಬನನ್ನು ಕೂರಿಸಿ, ಸ್ವಿಚ್ ಒತ್ತಿ ಹಿಡಿಯಲು ಹೇಳಿ ಅಳೆದೆವು. ಬ್ಯಾಟರಿಯಲ್ಲಿ 12.3 ವೋಲ್ಟ್, ಮೋಟಾರಿನ ಎರಡು ತುದಿಗಳ ನಡುವೆ 6.9. ಉಳಿದ 5.4 ವೋಲ್ಟ್ ಎಲ್ಲಿ ಹೋಯಿತು? ಬ್ಯಾಟರಿ ಪ್ಲಸ್‌ನಿಂದ ಮೋಟಾರಿನ ಪ್ಲಸ್‌ವರೆಗೆ 0.3. ಮೋಟಾರಿನ ಮೈನಸ್‌ನಿಂದ ಬ್ಯಾಟರಿಯ ಮೈನಸ್‌ವರೆಗೆ 5.1. ಲೆಕ್ಕ ಸರಿಹೋಯಿತು, ಕಳ್ಳ ಅರ್ಥಿಂಗಿನ ಕಡೆಯೇ ಇದ್ದ.

ಕಾರ್ಪೆಟ್ ಎತ್ತಿದರೆ ಅಡಿಯ ಫೋಮ್ ಒದ್ದೆ. ಸನ್‌ರೂಫಿನಿಂದ ನೀರು ಇಳಿಯುವ ಪೈಪಿನಲ್ಲಿ ಎಲೆ, ಮಣ್ಣು ಕಟ್ಟಿಕೊಂಡು ಮಳೆನೀರು ಬಾಗಿಲ ಪಕ್ಕದ ಪಿಲ್ಲರ್ ಒಳಗಿಂದ ಇಳಿದು ನೆಲ ಸೇರಿತ್ತು. ನೆಲಕ್ಕೆ ಅರ್ಥಿಂಗ್ ವೈರ್ ಬಿಗಿದಿದ್ದ ಬೋಲ್ಟಿನ ಸುತ್ತ ತುಕ್ಕು. ಟರ್ಮಿನಲ್ಲಿನ ತಾಮ್ರಕ್ಕೆ ಹಸಿರು ಕಿಲುಬು. ಬೋಲ್ಟಿನ ಜಾಗವನ್ನು ಎಮರಿ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಕಿಲುಬು ಹತ್ತಿದ ವೈರಿನ ತುದಿ ಕತ್ತರಿಸಿ ಹೊಸ ಟರ್ಮಿನಲ್ ಕ್ರಿಂಪ್ ಮಾಡಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿದೆವು. ಅರ್ಥಿಂಗ್ ಕಡೆಯ ನಷ್ಟ 0.1 ವೋಲ್ಟಿಗೆ ಇಳಿಯಿತು. ಹುಡುಗ ಕೂತಿದ್ದಂತೆಯೇ ಸೀಟ್ ಸರಾಗ ಓಡಿತು. ಪೈಪ್ ಊದಿ ಸ್ವಚ್ಛ ಮಾಡಿ ಕಾರ್ಪೆಟ್ ಒಣಗಿಸಿದ್ದಕ್ಕೆ ರಿಪೇರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಆದರೆ ಅದನ್ನು ಬಿಟ್ಟಿದ್ದರೆ ಮುಂದಿನ ಮಳೆಗಾಲಕ್ಕೆ ಅದೇ ಗಾಡಿ ಅದೇ ದೂರು ಹೊತ್ತು ಬರುತ್ತಿತ್ತು.

ಇದೇ ಜಾಗವನ್ನು ಓಮ್ ಮೀಟರಿನಲ್ಲಿ ನೋಡಿದ್ದರೆ ಸಿಕ್ಕಿಬೀಳುತ್ತಿರಲಿಲ್ಲ. ಆಗ ಕ್ಲಾಂಪ್ ತೋರಿಸಿದ್ದು 6 ಆಂಪಿಯರ್. 5.1 ವೋಲ್ಟನ್ನು 6ರಿಂದ ಭಾಗಿಸಿದರೆ ಅರ್ಥಿಂಗ್ ದಾರಿಯ ತಡೆ 0.85 ಓಮ್. ಸಾಧಾರಣ ಮೀಟರಿನ ವೈರುಗಳಿಗೇ 0.2, 0.3 ಓಮ್ ತಡೆ ಇರುತ್ತದೆ. 'ಒಂದಕ್ಕಿಂತ ಕಡಿಮೆ ಇದೆ, ಕಂಟಿನ್ಯುಟಿ ಬೀಪ್ ಬಂತು, ಸರಿ ಇದೆ' ಅಂದುಬಿಡುತ್ತೇವೆ. ಒಂದು ಓಮ್‌ಗೂ ಕಡಿಮೆ ತಡೆ ಇಡೀ ಸೀಟನ್ನು ನಿಲ್ಲಿಸಬಲ್ಲದು. ಆದ್ದರಿಂದಲೇ ಲೋಡಿನಲ್ಲಿ ವೋಲ್ಟೇಜ್ ಅಳೆಯಿರಿ ಅಂತ ನಮ್ಮ ಹುಡುಗರಿಗೆ ಮತ್ತೆ ಮತ್ತೆ ಹೇಳುತ್ತೇನೆ. ಅರ್ಥಿಂಗ್ ಕಡೆ 0.2 ವೋಲ್ಟ್ ದಾಟಿದರೆ ನಾನು ಸುಮ್ನೆ ಬಿಡುವುದಿಲ್ಲ.

ನೀರಿನ ವಿಷಯ ಬಂದದ್ದರಿಂದ ಒಂದು ಮಾತು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಸುತ್ತಮುತ್ತ ಎಷ್ಟೋ ಕಾರುಗಳು ನೀರಿನಲ್ಲಿ ನಿಂತಿದ್ದು ನೆನಪಿರಬಹುದು. ಸೆಕೆಂಡ್ ಹ್ಯಾಂಡ್ ಗಾಡಿ ನೋಡಲು ಹೋದವರು ಸೀಟಿನಡಿ ಮೊಬೈಲ್ ಟಾರ್ಚ್ ಹಾಕಿ ಕಪ್ಲರ್ ನೋಡಿ. ಪಿನ್ನುಗಳಲ್ಲಿ ಕಿಲುಬು, ಹಳಿಯ ಬೋಲ್ಟಿನಲ್ಲಿ ತುಕ್ಕು ಕಂಡರೆ ಆ ನೆಲದ ಮೇಲೆ ನೀರು ನಿಂತಿತ್ತೋ ಏನೋ ಅಂತ ವಿಚಾರಿಸಲೇಬೇಕು. ಹೊರಗಿನ ಪಾಲಿಶ್ ಅಲ್ಲಿಗೆ ತಲುಪುವುದಿಲ್ಲ.

ನಮ್ಮ ಕಡೆ ಇನ್ನೊಂದು ದೊಡ್ಡ ಕಾರಣ ಸೀಟ್ ಕವರ್. ಹೊಸ ಕಾರು ಬಂದ ಕೂಡಲೇ ಕವರ್ ಹಾಕಿಸುವುದು ವಾಡಿಕೆ. ಬಿಗಿಯಾಗಿ ಕೂರಲಿ ಅಂತ ಸೀಟನ್ನೇ ಬಿಚ್ಚುತ್ತಾರೆ. ತಿರುಗಿ ಕೂರಿಸುವಾಗ ವೈರಿಂಗ್ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಬಿಟ್ಟುಹೋಗುತ್ತದೆ. ಇಲ್ಲವೇ ಕವರಿನ ಎಲಾಸ್ಟಿಕ್ ಕೊಕ್ಕೆಯನ್ನು ವೈರಿಗೇ ಸಿಕ್ಕಿಸಿರುತ್ತಾರೆ. ಸೀಟ್ ಹಿಂದೆ ಮುಂದೆ ಹೋದಂತೆಲ್ಲ ವೈರ್ ಹಳಿಯ ಅಂಚಿಗೆ ಉಜ್ಜಿ ಇನ್ಸುಲೇಷನ್ ಸವೆಯುತ್ತದೆ. ಸೀಟ್ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಫ್ಯೂಸ್ ಹೋಗುತ್ತಿದ್ದರೆ ಮೊದಲು ಇಲ್ಲಿ ಹುಡುಕಿ. ಸೈಡ್ ಏರ್‌ಬ್ಯಾಗ್ ಇರುವ ಸೀಟಿಗಂತೂ ಅದಕ್ಕೆಂದೇ ಹೊಲಿದ ಕವರ್ ಹೊರತು ಬೇರೆ ಹಾಕಿಸಲೇಬೇಡಿ. ಸಾಧಾರಣ ಕವರ್ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೇ ಅಡ್ಡ ಬರುತ್ತದೆ.

ಫ್ಯೂಸ್ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪದೇ ಪದೇ ಹೋಗುತ್ತಿದೆ ಅಂತ 30 ಆಂಪಿಯರ್ ಫ್ಯೂಸಿನ ಜಾಗಕ್ಕೆ 40ರದ್ದು ಹಾಕುವುದು, ತಾಮ್ರದ ಎಳೆ ಸುತ್ತುವುದು ಬೆಂಕಿಗೆ ದಾರಿ. ಫ್ಯೂಸ್ ಕಾಯುವುದು ವೈರನ್ನು. ಆ ವೈರ್ ಇರುವುದು ನೀವು ಕೂರುವ ಫೋಮಿನ ಕೆಳಗೆ. ಕೆಲವು ಗಾಡಿಗಳಲ್ಲಿ ಫ್ಯೂಸಿನ ಬದಲು ಬಿಸಿಯಾದಾಗ ತಾನಾಗಿ ಕರೆಂಟ್ ಕಡಿದು, ತಣ್ಣಗಾದ ಮೇಲೆ ಮತ್ತೆ ಸೇರಿಕೊಳ್ಳುವ ಬ್ರೇಕರ್ ಇರುತ್ತದೆ. ಸೀಟ್ ಸ್ವಲ್ಪ ಓಡಿ, ನಿಂತು, ಒಂದೆರಡು ನಿಮಿಷ ಬಿಟ್ಟು ಮತ್ತೆ ಓಡಿದರೆ ಅದು ಬ್ರೇಕರ್ ಬಿಸಿಯಾಗಿ ಬಿಡುತ್ತಿರುವ ಲಕ್ಷಣ. ಹಳಿಯಲ್ಲಿ ಗ್ರೀಸ್ ಒಣಗಿದೆಯೇ, ನಾಣ್ಯವೋ ಹೇರ್‌ಪಿನ್ನೋ ಸಿಕ್ಕಿದೆಯೇ ನೋಡಿ.

ಇಷ್ಟೆಲ್ಲ ಸರಿಯಿದ್ದರೆ ಆಗ ಮೋಟಾರಿನ ಸರದಿ. ಫ್ಯೂಸ್ ಇರುವ ವೈರಿನಿಂದ ಮೋಟಾರಿಗೆ ನೇರ 12 ವೋಲ್ಟ್ ಕೊಡಬಹುದು. ಆದರೆ ಕಪ್ಲರನ್ನು ಗಾಡಿಯ ವೈರಿಂಗಿನಿಂದ ಬಿಚ್ಚಿದ ಮೇಲೆ ಮಾತ್ರ. ಆಗಲೇ ಹೇಳಿದಂತೆ ಸ್ವಿಚ್ ಮುಟ್ಟದಿರುವಾಗ ಎರಡೂ ವೈರ್ ಅರ್ಥಿಂಗಿನಲ್ಲಿರುತ್ತವೆ. ಕಪ್ಲರ್ ಹಾಗೇ ಇಟ್ಟು ಸಪ್ಲೈ ಕೊಟ್ಟರೆ ನೇರ ಶಾರ್ಟ್. ಮೋಟಾರಿಗೆ ಎರಡಕ್ಕಿಂತ ಹೆಚ್ಚು ವೈರ್ ಇದ್ದರೆ ದಪ್ಪನೆಯ ಎರಡೇ ಮೋಟಾರಿನವು. ತೆಳುವಾದವು ಸೆನ್ಸರಿನವು, ಅವಕ್ಕೆ 12 ವೋಲ್ಟ್ ಮುಟ್ಟಿಸಿದರೆ ಸೆನ್ಸರ್ ಸುಟ್ಟುಹೋಗಬಹುದು. ಈ ನೇರ ಸಪ್ಲೈ ಇನ್ನೊಂದಕ್ಕೂ ಉಪಯೋಗ: ಸೀಟ್ ಪೂರ್ತಿ ಹಿಂದೆಯೋ ಮುಂದೆಯೋ ನಿಂತುಹೋದರೆ ಒಂದು ಬದಿಯ ಬೋಲ್ಟುಗಳಿಗೆ ಸ್ಪ್ಯಾನರ್ ಹೋಗುವುದಿಲ್ಲ, ಹೀಗೆ ಓಡಿಸಿ ದಾರಿ ಮಾಡಿಕೊಳ್ಳಬೇಕು. ಮೋಟಾರ್ ಗುಂಯ್‌ಗುಟ್ಟುತ್ತದೆ, ಸೀಟ್ ಮಾತ್ರ ಅಲುಗಾಡದು ಅಂದರೆ ವೈರಿಂಗನ್ನು ಮುಟ್ಟಲೇಬೇಡಿ. ನೈಲಾನ್ ಗೇರ್ ಹಲ್ಲು ಉದುರಿರುತ್ತದೆ, ಇಲ್ಲವೇ ಮೋಟಾರಿನಿಂದ ಹಳಿಗೆ ಹೋಗುವ ಬಳುಕುವ ಶಾಫ್ಟಿನ ಚೌಕ ತುದಿ ಸವೆದು ದುಂಡಾಗಿರುತ್ತದೆ.

ಮೆಮೊರಿ ಇರುವ ಸೀಟುಗಳ ಲೆಕ್ಕ ಬೇರೆ. ಅಲ್ಲಿ ಸ್ವಿಚ್ ಮೋಟಾರನ್ನು ನೇರವಾಗಿ ಓಡಿಸುವುದಿಲ್ಲ, ಮಾಡ್ಯೂಲಿಗೆ (ಸೀಟನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸೂಚನೆ ಕೊಡುತ್ತದೆ ಅಷ್ಟೇ. ಮೋಟಾರಿನ ಜೊತೆಗಿರುವ ಹಾಲ್ ಸೆನ್ಸರ್ ಸುತ್ತುಗಳನ್ನು ಎಣಿಸಿ ಸೀಟ್ ಎಲ್ಲಿದೆ ಅಂತ ಮಾಡ್ಯೂಲಿಗೆ ಹೇಳುತ್ತದೆ. ಪ್ರತಿ ಸಲ ಒತ್ತಿದಾಗಲೂ ಸೀಟ್ ಅರೆಕ್ಷಣ ಜರುಗಿ ನಿಂತರೆ ಎಣಿಕೆ ಮಾಡ್ಯೂಲಿಗೆ ತಲುಪುತ್ತಿಲ್ಲ. ಆ ತೆಳು ವೈರುಗಳ ಕಪ್ಲರ್ ನೋಡಿ, ಸ್ಕ್ಯಾನರಿನಲ್ಲಿ ಸೀಟ್ ಮಾಡ್ಯೂಲಿನ ಕೋಡ್ ಓದಿ. ಬ್ಯಾಟರಿ ಬಿಚ್ಚಿ ಹಾಕಿದ ಮೇಲೆ ಸೀಟ್ ಅರ್ಧ ದಾರಿಯಲ್ಲೇ ನಿಲ್ಲಲು ಶುರುವಾಗಿದ್ದರೆ ಏನೂ ಕೆಟ್ಟಿರಲಿಕ್ಕಿಲ್ಲ, ತನ್ನ ಎರಡು ತುದಿಗಳನ್ನು ಮಾಡ್ಯೂಲ್ ಮರೆತಿರಬಹುದು. ಎಷ್ಟೋ ಗಾಡಿಗಳಲ್ಲಿ ಪ್ರತಿ ದಿಕ್ಕಿನ ಕೊನೆಯವರೆಗೂ ಓಡಿಸಿ, ಅಲ್ಲೇ ಸ್ವಿಚ್ಚನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದರೆ ಮತ್ತೆ ಕಲಿತುಕೊಳ್ಳುತ್ತದೆ. ಕೆಲವಕ್ಕೆ ಸ್ಕ್ಯಾನರಿನಿಂದಲೇ ಕ್ಯಾಲಿಬ್ರೇಷನ್ ಮಾಡಬೇಕು. ಹೊಸ ಮಾಡ್ಯೂಲಿಗೆ ಆರ್ಡರ್ ಕೊಡುವ ಮೊದಲು ಇದನ್ನು ಮಾಡಿ ನೋಡಿ, ಐದು ನಿಮಿಷದ ಕೆಲಸ.