ಫ್ಯಾಕ್ಟರ್ ಫೈವ್ ಲೈಡನ್: ಬ್ರೇಕಿಗೆ ಬಗ್ಗದ ಪ್ರೋಟೀನು

ಲೈಡನ್ ಅಂದರೆ ಯಾರೋ ವಿಜ್ಞಾನಿಯ ಹೆಸರು ಅಂತ ನಾನು ತುಂಬಾ ದಿನ ನಂಬಿದ್ದೆ. ಅಲ್ಲ, ಅದು ನೆದರ್ಲೆಂಡ್ಸಿನ ಊರು. ರಕ್ತ ಹೆಪ್ಪುಗಟ್ಟಲು ನೆರವಾಗುವ ಫ್ಯಾಕ್ಟರ್ ಫೈವ್ ಅನ್ನೋ ಪ್ರೋಟೀನಿನ ಜೀನಿನಲ್ಲಿರುವ ಈ ದೋಷ 1994ರಲ್ಲಿ ಪತ್ತೆಯಾದದ್ದು ಅಲ್ಲಿ.

ಗಾಯವಾದಾಗ ರಕ್ತ ಹೆಪ್ಪುಗಟ್ಟಬೇಕು, ಸರಿ. ಕೆಲಸ ಮುಗಿದ ಮೇಲೆ ನಿಲ್ಲಲೂ ಬೇಕಲ್ವಾ? ಆ ಬ್ರೇಕು ಪ್ರೋಟೀನ್ ಸಿ. ಪ್ರೋಟೀನ್ ಎಸ್ ಅದರ ಜೊತೆಗಾರ. ಇವೆರಡೂ ಸೇರಿ, ಚುರುಕಾಗಿರುವ ಫ್ಯಾಕ್ಟರ್ ಫೈವನ್ನು ಕತ್ತರಿಸಿ ಸುಮ್ಮನಾಗಿಸುತ್ತವೆ. ಬೇಗ ಬೀಳುವ ಏಟು 506ನೇ ಜಾಗದ ಆರ್ಜಿನಿನ್ ಅನ್ನೋ ಅಮೈನೋ ಆಮ್ಲದ ಮೇಲೆ. ಲೈಡನ್ ದೋಷ ಇರುವವರಲ್ಲಿ ಅಲ್ಲಿ ಗ್ಲುಟಮಿನ್ ಅನ್ನೋ ಬೇರೆ ಅಮೈನೋ ಆಮ್ಲ ಕೂತಿರುತ್ತದೆ. ಕತ್ತರಿ ಅಲ್ಲಿ ನಾಟುವುದೇ ಇಲ್ಲ.

1993ರಲ್ಲಿ ಸ್ವೀಡನ್ನಿನ ಬ್ಯೋರ್ನ್ ಡಾಲ್‌ಬೆಕ್ ಕಂಡದ್ದು ಇದರ ಪರಿಣಾಮವನ್ನೇ. ರೋಗಿಯ ಪ್ಲಾಸ್ಮಾಕ್ಕೆ (ರಕ್ತದ ದ್ರವಭಾಗಕ್ಕೆ) ಚುರುಕಾದ ಪ್ರೋಟೀನ್ ಸಿ ಬೆರೆಸಿದರೂ ಹೆಪ್ಪುಗಟ್ಟುವ ಸಮಯ ಅಂದುಕೊಂಡಷ್ಟು ಉದ್ದವಾಗಲಿಲ್ಲ. ಕಾರಣ ಮರುವರ್ಷ ಸಿಕ್ಕಿತು.

306ನೇ ಜಾಗದಲ್ಲಿ ಇನ್ನೊಂದು ಏಟು ನಿಧಾನವಾಗಿ ಬಿದ್ದೇ ಬೀಳುತ್ತದೆ. ಅಂದರೆ ಬ್ರೇಕು ಸಡಿಲ, ಪೂರ್ತಿ ಫೇಲ್ ಅಲ್ಲ. ಹಾಗಾಗಿಯೇ ದೋಷವಿರುವ ಜೀನಿನ ಒಂದೇ ಪ್ರತಿ ಇರುವ ಹೆಚ್ಚಿನವರಿಗೆ ಜೀವಮಾನದಲ್ಲಿ ಒಮ್ಮೆಯೂ ಕಾಲಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟುವುದಿಲ್ಲ. ಅಪ್ಪ, ಅಮ್ಮ ಇಬ್ಬರಿಂದಲೂ ಬಂದಿದ್ದರೆ ಅಪಾಯ ತುಂಬಾ ಜಾಸ್ತಿ. ಒಂದೇ ಪ್ರತಿ ಇದ್ದರೂ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ, ಬಸಿರು, ಬಾಣಂತನ, ಆಪರೇಷನ್ ಆಗಿ ಹಾಸಿಗೆ ಹಿಡಿಯುವುದು, ಇಂಥದ್ದು ಜೊತೆಗೂಡಿದಾಗ ಹುಷಾರು ಬೇಕು. ಯುರೋಪ್ ಮೂಲದವರಲ್ಲಿ ಸುಮಾರು 5% ಜನರಲ್ಲಿ ಇದು ಇದೆ. ಭಾರತದಲ್ಲಿ ಅಷ್ಟಿಲ್ಲ.

ಹೆಪ್ಪುಗಟ್ಟುವಿಕೆ ಹೆಚ್ಚಿಸುವ ಇತರ ಹುಟ್ಟುದೋಷಗಳನ್ನು ಬೇಗ ಮುಗಿಸುತ್ತೇನೆ. ಪ್ರೋಥ್ರಾಂಬಿನ್ (ಹೆಪ್ಪುಗಟ್ಟಿಸುವ ಇನ್ನೊಂದು ಪ್ರೋಟೀನು) ಜೀನಿನ 20210ನೇ ಜಾಗದ ದೋಷವೂ ಲೈಡನ್ನಿನದೇ ಶೋಧ, 1996ರದು. ಇಲ್ಲಿ ಬ್ರೇಕು ಚೆನ್ನಾಗಿಯೇ ಇದೆ, ಪ್ರೋಥ್ರಾಂಬಿನ್ ಪ್ರಮಾಣವೇ ಜಾಸ್ತಿ. ಹೆಪ್ಪುಗಟ್ಟುವುದನ್ನು ತಡೆಯುವ ಇನ್ನೊಂದು ಪ್ರೋಟೀನು ಆಂಟಿಥ್ರಾಂಬಿನ್. ಅದರ ಕೊರತೆಯನ್ನು 1965ರಲ್ಲಿ ನಾರ್ವೆಯ ಒಂದು ಕುಟುಂಬದಲ್ಲಿ ಮೊದಲು ವಿವರಿಸಿದರು. ಅಪರೂಪ, ಆದರೆ ಲೈಡನ್‌ಗಿಂತ ಅಪಾಯಕಾರಿ.

ವೈದ್ಯಕೀಯ ವಿದ್ಯಾರ್ಥಿಗಳು ಎಕ್ಸಾಮಿನಲ್ಲಿ ಎಡವುವುದು ಲ್ಯಾಬ್ ರಿಪೋರ್ಟ್ ಪ್ರಶ್ನೆಯಲ್ಲಿ. ಹೆಪ್ಪು ತಡೆಯುವ ಮಾತ್ರೆ ವಾರ್ಫರಿನ್ ತೆಗೆದುಕೊಳ್ಳುವಾಗ ಪ್ರೋಟೀನ್ ಸಿ, ಎಸ್ ಎರಡೂ ಕಡಿಮೆ ಬರುತ್ತವೆ, ಯಾಕೆಂದರೆ ಅವಕ್ಕೂ ವಿಟಮಿನ್ ಕೆ ಬೇಕು. ಹೆಪ್ಪು ತಡೆಯುವ ಇನ್ನೊಂದು ಔಷಧಿ ಹೆಪಾರಿನ್, ಆಂಟಿಥ್ರಾಂಬಿನ್ ಮಟ್ಟವನ್ನು ತಗ್ಗಿಸುತ್ತದೆ. ಬಸಿರಲ್ಲಿ ಪ್ರೋಟೀನ್ ಎಸ್ ತಾನಾಗೇ ಇಳಿಯುತ್ತದೆ. ಹೊಸದಾಗಿ ಹೆಪ್ಪು ಕಟ್ಟಿದಾಗಲೂ ಈ ಮೂರೂ ಕಡಿಮೆ ಕಾಣಬಹುದು. ಇಂಥ ಹೊತ್ತಲ್ಲಿ ಅಳೆದು ‘ಹುಟ್ಟಿನಿಂದಲೇ ಕೊರತೆ’ ಅಂತ ಬರೆದರೆ ಮಾರ್ಕ್ಸ್ ಹೋಯ್ತು. ಲೈಡನ್‌ನ ಡಿಎನ್ಎ ಪರೀಕ್ಷೆಗೆ ಮಾತ್ರ ಈ ತಾಪತ್ರಯವಿಲ್ಲ. ಔಷಧಿ ನಡೆಯುತ್ತಿದ್ದರೂ ಮಾಡಬಹುದು.